ಗಂಟಲೊಳಗಿನ ತಂತಿ

ಕಿವಿಯ ಹಿಂದೆ ಕತ್ತಿಗೆ ಅಂಟಿಸಿದ್ದ ಪಟ್ಟಿ ಬೆವರಿಗೆ ಸಡಿಲಾಗುತ್ತಿದೆಯೇನೋ ಎಂಬ ಅನುಮಾನ ಮನೆಯ ಹೊಸ್ತಿಲು ದಾಟುವ ಮೊದಲೇ ಭೀಮಶಾನನ್ನು ಹಿಡಿದುಕೊಂಡಿತ್ತು. ಬೆರಳು ಅಲ್ಲಿಯವರೆಗೆ ಹೋಗುತ್ತಿತ್ತು, ಮುಟ್ಟದೆ ವಾಪಸು ಬರುತ್ತಿತ್ತು. ಪಟ್ಟಿಯ ಕೆಳಗಿನಿಂದ ಹೊರಬಂದ ಕೂದಲೆಳೆಯಂಥ ಎರಡು ತಂತಿಗಳು ಕತ್ತಿನ ಹಿಂಬದಿಯಿಂದ ಅಂಗಿಯೊಳಗೆ ಇಳಿದು ಸೊಂಟಕ್ಕೆ ಬಿಗಿದ ಡಬ್ಬಿಯನ್ನು ಸೇರಿದ್ದವು. ಡಬ್ಬಿಯಲ್ಲಿ ಕ್ಯಾಸೆಟ್ಟೊಂದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಿರುಗುತ್ತಿತ್ತು. ತಂತಿಗಳ ಇನ್ನೊಂದು ತುದಿ ಅವನ ಗಂಟಲಿನ ಒಳಗಿತ್ತು. ದನಿ ಹುಟ್ಟಿಸುವ ಮಾಂಸಕ್ಕೆ ಸಣ್ಣ ಕೊಕ್ಕೆಯಂತೆ ಸಿಕ್ಕಿಕೊಂಡಿತ್ತು. ನೋವು ಅಂಥಾದ್ದೇನಿರಲಿಲ್ಲ. ಜೋಳದ ರೊಟ್ಟಿಯ ತುಣುಕೊಂದು ಇಳಿಯದೆ ನಿಂತಂತೆ, ಅಷ್ಟೇ. ಆದರೆ ಉಗುಳು ನುಂಗಿದರೆ ಅದೂ ದಾಖಲಾಗುತ್ತದೆ, ಚಹಾ ಕುಡಿದರೆ ಅದೂ, ಕೆಮ್ಮಿದರೆ ಅದೂ ಎಂದು ಹೈದರಾಬಾದಿನ ಡಾಕ್ಟರಮ್ಮ ಹೇಳಿದಂದಿನಿಂದ ಅವನಿಗೆ ನುಂಗುವುದೇ ಒಂದು ಕೆಲಸವಾಗಿಬಿಟ್ಟಿತ್ತು. ಈ ಎರಡು ವರ್ಷ ತಾನು ನುಂಗಿಕೊಂಡು ಬಂದದ್ದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ಈಗ ಬರಿಯ ಉಗುಳಿಗೂ ಲೆಕ್ಕ. ಅಡುಗೆಮನೆಯಿಂದ ಬಂದ ಹೆಂಡತಿ ಬಸ್ಸಮ್ಮ ಡಬ್ಬಿಯ ಮೇಲೆ ಅಂಗಿ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿದಳು. “ಇವತ್ತೊಂದಿನ ರಜಾ ಹಾಕ್ರಿ. ಕಚೇರಿಯೊಳಗ ಹೆಸರು ಅಲ್ಲಾವುದ್ದೀನ ಅಣ್ಣ ಕರೀತಾನ. ಹೋದ ಮರ್ಯಾದಿ ಈ ತಂತಿ ಹಾಕ್ಕೊಂಡ್ರ ಬರ್ತದೇನು?” ಎಂದಳು. ಅವನಿಗೆ ಉತ್ತರ ಹೊಳೆದಿತ್ತು. ಆದರೆ ಹೆಂಡತಿಯ ಮುಂದೆ ದನಿ ಸರಾಗ ಬರುತ್ತದೆ ಎಂಬ ಸಂಗತಿಯೇ ಅವನಿಗೆ ಈಚೆಗೆ ನಾಚಿಕೆ ತರಿಸುತ್ತಿತ್ತು. ಚಪ್ಪಲಿ ಮೆಟ್ಟಿ ಹೊರಬಿದ್ದ.

ಚಿತ್ತಾಪುರದ ಬಜಾರ ಇನ್ನೂ ಪೂರಾ ತೆರೆದಿರಲಿಲ್ಲ. ಹೋಟೆಲಿನ ಮುಂದೆ ಕುಳಿತವರು ಅವನನ್ನು ಕಂಡು ಮಾತು ನಿಲ್ಲಿಸಿದರು. ಅವನು ದಾಟಿದ ಮೇಲೆ ಒಬ್ಬ ಗಂಟಲು ಹಿಂಡಿದವನಂತೆ ದನಿ ಮಾಡಿದ, ಉಳಿದವರು ನಕ್ಕರು. ಅದು ಹೊಸದಲ್ಲ. ಮೊದಮೊದಲು ಭೀಮಶಾ ತಿರುಗಿ ನೋಡುತ್ತಿದ್ದ. ನೋಡಿದರೆ ಬೈಯಬೇಕಾಗುತ್ತಿತ್ತು, ಬೈದರೆ ದನಿ ಸ್ವಚ್ಛ ಹೊರಡುತ್ತಿತ್ತು. ಸ್ವಚ್ಛ ಹೊರಟರೆ “ನೋಡ್ರಿ, ಹೆಂಗ ಬಾಯಿ ಬಿಡ್ತಾನ, ಹೆಸರ ಕರೀಲಿಕ್ಕೆ ಮಾತ್ರ ಬರಂಗಿಲ್ಲಂತ” ಎಂದು ಅವರೇ ಗೆಲ್ಲುತ್ತಿದ್ದರು. ಹಾಗಾಗಿ ನೋಡುವುದನ್ನು ಬಿಟ್ಟಿದ್ದ. ಅವನ ಅಪ್ಪ ಮಾಣಿಕಪ್ಪ ಭಾಗೋಡಿಯ ದಂಡೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಕಾಗಿಣಾ ಹೊಳೆ ತುಂಬಿ ಬಂದಾಗ ಈ ದಡದಿಂದ ಕೂಗಿದರೆ ಆ ದಡದ ಹೊಲದಲ್ಲಿದ್ದ ಎತ್ತು ಕೂಡ ತಲೆ ಎತ್ತುತ್ತಿತ್ತು ಎನ್ನುತ್ತಿದ್ದರು. ಅದೇ ದನಿ ಮಗನಿಗೆ ಬಂತು. ಅಲ್ಲೂರಿನ ಹಣಮಂತರಾಯ ಗೌಡರು ಒಂದು ಸಲ ಹೊಳೆ ದಾಟುವಾಗ ಹುಡುಗನ ಕೂಗು ಕೇಳಿ, “ಏ ಮಾಣಿಕ್ಯಾ, ನಿನ್ನ ಮಗನ್ನ ತಹಶೀಲಿ ಕಚೇರಿಗೆ ಕಳಿಸು, ಅಲ್ಲಿ ಕೂಗಾವ್ರು ಬೇಕಾಗ್ಯಾರ” ಎಂದಿದ್ದರು. ಅಂದಂತೆಯೇ ಮಾಡಿದರು. ನೀರಿನ ಮೇಲೆ ಹುಟ್ಟಿದ ದನಿ ಕಚೇರಿಯ ವರಾಂಡದಲ್ಲಿ ಸರಕಾರದ್ದಾಯಿತು. ಭೀಮಶಾ ಮೆಟ್ಟಿಲ ಮೇಲೆ ನಿಂತು ಹೆಸರು ಕರೆದರೆ ಬಯಲಿನ ಆಚೆ ಬೇವಿನ ಮರದ ಕೆಳಗೆ ನಿದ್ದೆ ಹೋದವರೂ ಎದ್ದು ಓಡಿ ಬರುತ್ತಿದ್ದರು.

ಆಮೇಲೆ ಉಳುವವನಿಗೇ ಹೊಲ ಎಂಬ ಕಾನೂನು ಬಂತು. ಭೂ ನ್ಯಾಯ ಮಂಡಳಿ ಕುಂತಿತು. ಊರೂರಿಂದ ಗೇಣಿದಾರರು ಬಂದು ಬೇವಿನ ಕೆಳಗೆ ಬುತ್ತಿ ಬಿಚ್ಚಿ ಕೂರತೊಡಗಿದರು. ಆ ದಿನವೂ ಹಾಗೇ ಕೂತಿದ್ದರು. ಭೀಮಶಾ ಚೀಟಿ ನೋಡಿದ: ಮಾಳಮ್ಮ ಗಂಡ ಅಮೃತಪ್ಪ, ಸಾಕಿನ್ ಅಲ್ಲೂರ, ಅಂದರೆ ಅಲ್ಲೂರಿನ ವಾಸಿ. ಎದುರುಗಾರರು ಹೊಲದ ಮಾಲೀಕರಾದ ಹಣಮಂತರಾಯ ಗೌಡರು. ಗೌಡರು ವರಾಂಡದ ಕಂಬಕ್ಕೆ ಒರಗಿ ನಿಂತಿದ್ದರು. ಏನೂ ಹೇಳಲಿಲ್ಲ, ಕಣ್ಣಸನ್ನೆಯನ್ನೂ ಮಾಡಲಿಲ್ಲ. ಅದನ್ನು ಅವನು ದೇವರ ಮುಂದೆ ಬೇಕಾದರೂ ಹೇಳಬಲ್ಲ. ಅವನು ಉಸಿರು ತುಂಬಿಕೊಂಡ, ಬಾಯಿ ತೆರೆದ. ಗಂಟಲಲ್ಲಿ ಯಾರೋ ಬಾಗಿಲು ಹಾಕಿ ಒಳಗಿಂದ ಅಗಳಿ ಇಟ್ಟಂತೆ ಆಯಿತು. ಎರಡನೆಯ ಸಲ ಕರೆದ. ಬಾಯಿ ಆಡಿತು, ಗಾಳಿ ಬಂತು. ಮೂರನೆಯ ಸಲವೂ ಅಷ್ಟೇ. ಕಾಯುವಷ್ಟು ಹೊತ್ತು ಕಾದು ಒಳಗಿನಿಂದ ಗುಮಾಸ್ತರು “ಗೈರಹಾಜರ್, ಅರ್ಜಿ ವಜಾ” ಎಂದರು. ಭೀಮಶಾ ಒಳಗೆ ಓಡಿದ, “ಸಾಹೇಬ್ರ, ದನಿ ಹೊಂಟಿಲ್ರಿ, ಆಕಿ ಹೊರಗ ಇರಬೇಕ್ರಿ” ಎಂದು ಹೇಳಿದ. ಹೇಳಿದ್ದು ಸ್ಪಷ್ಟವಾಗಿತ್ತು. ಸಾಹೇಬರು ಅವನ ಮುಖ ನೋಡಿದರು: ದನಿ ಹೊಂಟಿಲ್ಲ ಎಂದು ಇಷ್ಟು ದೊಡ್ಡ ದನಿಯಲ್ಲಿ ಹೇಳುತ್ತಾನಲ್ಲ! ಅದು ಸಾಲದೆಂಬಂತೆ, ಹೊರಗೆ ಬಂದವನು ವರಾಂಡಕ್ಕೆ ಏರಿ ಕಾಗದ ತಿನ್ನುತ್ತಿದ್ದ ಆಡೊಂದನ್ನು ಕಂಡು ಯೋಚಿಸುವ ಮೊದಲೇ “ಹೇ, ಹೋಗಲೇ!” ಎಂದು ಗದರಿದ. ಬಯಲು ತುಂಬ ಕೇಳಿಸಿತು. ಬೇವಿನ ಕೆಳಗಿನಿಂದ ಒಬ್ಬ ಹೆಂಗಸು ಎದ್ದು ನೋಡಿದಳು. ಅವಳೇ ಮಾಳಮ್ಮ. ಆಡಿಗೆ ಸಿಕ್ಕ ಕೂಗು ಅವಳಿಗೆ ಸಿಕ್ಕಿರಲಿಲ್ಲ.

ಅವತ್ತೇ ಸಂಜೆ ಊರೆಲ್ಲ ಮಾತು: ಗೌಡರು ಹಚ್ಚಿದ ಗಿಡ, ಗೌಡರಿಗೇ ನೆರಳು ಕೊಟ್ಟಿತು. ಭೀಮಶಾನನ್ನು ಕೂಗುವ ಕೆಲಸದಿಂದ ತೆಗೆದು ನೀರು ತುಂಬಲಿಕ್ಕೆ, ಕಾಗದ ಹೊರಲಿಕ್ಕೆ ಹಾಕಿದರು. ಅವನ ಜತೆಯ ಚಪರಾಸಿ ಅಲ್ಲಾವುದ್ದೀನ ಮೆಟ್ಟಿಲ ಮೇಲೆ ನಿಂತು ಕರೆಯತೊಡಗಿದ. ಜನರ ಮಾತು ಭೀಮಶಾನಿಗೆ ಅಷ್ಟು ತಾಕಲಿಲ್ಲ. ತಾಕಿದ್ದು ಅವನೊಳಗೇ ಎದ್ದ ಒಂದು ಪ್ರಶ್ನೆ. ಗಂಟಲು ತನ್ನದು. ಅದನ್ನು ಮುಚ್ಚಿದವರು ಯಾರು? ಗೌಡರು ನಿಂತಿದ್ದಾರೆ ಎಂದು ತನಗೇ ತಿಳಿಯದಂತೆ ತಾನೇ ಮುಚ್ಚಿದೆನೇ? ಹೊಳೆಯ ದಂಡೆಯಿಂದ ಎತ್ತಿ ತಂದವರ ಋಣ ಮಾಂಸದೊಳಕ್ಕೂ ಇಳಿದಿರುತ್ತದೆಯೇ? ಕೊಡ ತುಂಬುವಾಗ, ಊಟಕ್ಕೆ ಕುಂತಾಗ ಅವನು ಇದನ್ನೇ ತಿರುವಿ ಹಾಕುತ್ತಿದ್ದ. ಮಾಳಮ್ಮ ಯಾರ್ಯಾರ ಮನೆ ಬಾಗಿಲಿಗೆ ಅಲೆದಳೋ, ಅವಳ ಅರ್ಜಿ, ಮತ್ತೆ ಕೇಳಿರಿ ಎಂಬ ಹುಕುಮಿನ ಸಂಗಡ, ಬೆಂಗಳೂರಿನ ಹೈಕೋರ್ಟಿನಿಂದ ವಾಪಸು ಬಂತು ಎಂದು ತಿಳಿದ ದಿನ ಅವನು ಹೈದರಾಬಾದಿನ ಗಾಡಿ ಹತ್ತಿದ.

ದೊಡ್ಡ ದವಾಖಾನೆಯ ಗಂಟಲ ಡಾಕ್ಟರು ಶಹರಬಾನು ಶಹಾಬಾದದಲ್ಲಿ ಹುಟ್ಟಿ ಬೆಳೆದವರು; ಅವರಪ್ಪ ಅಲ್ಲಿಯ ಕಲ್ಲಿನ ಖಣಿಯಲ್ಲಿ ಆಳುಗಳ ಮೇಲಿನ ಮುಕಾದಮರಾಗಿದ್ದರಂತೆ. ಅವನ ಮಾತು ಕೇಳಿ “ನಮ್ಮ ಕಡೀಯವ್ರು” ಎಂದು ನಕ್ಕರು. ಗಂಟಲಿಗೆ ಕನ್ನಡಿ ಇಳಿಸಿ ನೋಡಿದರು. ಏನೂ ಇರಲಿಲ್ಲ. ಹೆಸರು ಕರಿ ಎಂದರು. ದವಾಖಾನೆಯ ಪಡಸಾಲೆ ನಡುಗುವಂತೆ ಕರೆದ. ಕೂಗಿ ಮುಗಿಸಿದ ಮೇಲೆ ಅವನ ಕಣ್ಣಲ್ಲಿ ನೀರು ಬಂತು. ಇಲ್ಲಿಯೂ ಗಂಟಲು ಅವನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. “ಇಂಥವ್ರನ್ನ ನಾ ನೋಡೀನಿ. ಒಬ್ರು ಮೇಷ್ಟ್ರು, ಪಾಠ ಹೇಳಲಿಕ್ಕೆ ನಿಂತ್ರ ಸಾಕು ಗಂಟಲು ಹಿಡೀತಿತ್ತು, ಹಾಡಿದ್ರ ಹಿಡೀತಿದ್ದಿಲ್ಲ. ಅದು ಈ ಖೋಲಿಯೊಳಗ ಬರಂಗಿಲ್ಲ. ಬರೋ ಜಾಗಾಕ್ಕ ನಾವೇ ಹೋಗಬೇಕು” ಎಂದರು. ಆಗಲೇ ತಂತಿಯ ಮಾತು ಎತ್ತಿದರು. ಒಳಗೆ ಇಳಿಸಿ ಹಾಗೆಯೇ ಬಿಡುವುದು, ಅವನು ಉಂಡು ಮಲಗಿ ಎದ್ದು ಕೆಲಸಕ್ಕೆ ಹೋಗುವುದು, ಗಂಟಲು ಏನೇನು ಮಾಡುತ್ತದೋ ಡಬ್ಬಿ ಎಲ್ಲ ಹಿಡಿದಿಡುವುದು. ಇನ್ನೂ ಹೊಸ ಪ್ರಯೋಗ, ಬೇಡ ಅನ್ನಿಸಿದರೆ ಬೇಡ ಎಂದೂ ಹೇಳಿದರು. ಅವನು ಅಂಗಿಯ ಗುಂಡಿ ಬಿಚ್ಚಿ ಕತ್ತು ಚಾಚಿದ.

ಸೂಜಿ ಇಳಿದು ತಂತಿ ನಿಂತ ಮೇಲೆ ಅವರು ಅವನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಕಾಗದ ಸರಿಯುತ್ತಿತ್ತು, ಸೂಜಿಯೊಂದು ಗೆರೆ ಎಳೆಯುತ್ತಿತ್ತು. ಸುಮ್ಮನಿದ್ದಾಗ ಗೆರೆ ಸಪಾಟು; ಮಾತಾಡಿದಾಗ ಹುಲ್ಲು ಎದ್ದು ನಿಂತಂತೆ. “ಈಗ ಬಾಯಿ ಮುಚ್ಚು. ಮನಸಿನ್ಯಾಗ ಆ ಹೆಸರು ಕರಿ” ಎಂದರು ಡಾಕ್ಟರಮ್ಮ. ಅವನು ತುಟಿ ಬಿಗಿದು ಕಣ್ಣು ಮುಚ್ಚಿ ಮಾಳಮ್ಮ ಎಂದುಕೊಂಡ. ಕಣ್ಣು ತೆರೆದರೆ ಕಾಗದದ ಮೇಲೆ ಹುಲ್ಲು ಎದ್ದಿತ್ತು, ಕಡ್ಡಿಯಷ್ಟೇ ಸಣ್ಣದು, ಆದರೂ ಎದ್ದಿತ್ತು. ಅವನ ಮೈ ಝುಮ್ಮೆಂದಿತು. ಬಾಯಿಗೆ ಬರದ್ದನ್ನು ಗಂಟಲು ಆಡುತ್ತದೆ! ಹಾಗಾದರೆ ಈ ಎರಡು ವರ್ಷ ಕೊಡ ಹೊತ್ತು ತಿರುಗುವಾಗ, ಚಾಪೆ ಮೇಲೆ ಹೊರಳುವಾಗ ಈ ಮಾಂಸ ಆ ಹೆಸರನ್ನು ಎಷ್ಟು ಸಲ ಅಂದಿರಬೇಕು. “ಹಂಗಾದ್ರ ಅವತ್ತ ನಾ ಕರೆದಿದ್ದೆ ಅಂತಾಯ್ತಲ್ರಿ?” ಎಂದ. “ಗಂಟಲು ಕರೀಲಿಕ್ಕೆ ನೋಡ್ಯದ. ಆದ್ರ ಗಟ್ಟಿ ಹಿಡಕೊಂಡದ. ಆಕಿ ಕಿವಿಗೆ ಬಿದ್ದಿಲ್ಲ, ಅಷ್ಟ ಖರೆ.” ಅವನು ತಲೆ ತಗ್ಗಿಸಿ ಕೇಳಿದ: “ನಾನ ಬೇಕಂತ ಹಿಡಕೊಂಡಿದ್ರ? ನನಗ ಗೊತ್ತಾಗಲಾರ್ದಂಗ?” ಡಾಕ್ಟರಮ್ಮ ಕಾಗದ ಮಡಿಚಿಟ್ಟರು. “ತಂತಿಗೆ ಮಾಂಸ ತಿಳೀತದಪ್ಪ. ಮನಸು ತಿಳಿಯಂಗಿಲ್ಲ. ಅದನ್ನ ನನ್ನ ಕೇಳಬ್ಯಾಡ” ಎಂದರು. ವಾಪಸು ಬರುವಾಗ ತಾಂಡೂರು ದಾಟಿ ಸೇಡಂ ಬರುವವರೆಗೂ ಅವನು ಕಿಟಕಿಗೆ ಮುಖ ಮಾಡಿ ಕೂತಿದ್ದ. ಹೊರಗೆ ಕರೀ ಹೊಲಗಳು, ಹಲಗೆ ಹಲಗೆಯಾಗಿ ಎದ್ದ ಫರಸಿ ಕಲ್ಲು. ಯಾರೂ ಹೇಳಲಾರದ ಉತ್ತರಕ್ಕೆ ಕಾಯುವುದು ಬೇಡ ಎಂದು ಅವನಿಗೆ ಅನ್ನಿಸಿದ್ದು ಆಗ. ಹಿಡಿದುಕೊಂಡದ್ದು ಯಾರೇ ಇರಲಿ, ಬಿಡಿಸಬೇಕಾದವನು ತಾನು.

ಸಾಹೇಬರು ಡಾಕ್ಟರರ ಚೀಟಿ ಓದಿ, ತಂತಿ ನೋಡಿ ಮುಖ ಸಿಂಡರಿಸಿ, “ಒಂದು ದಿನ. ಅಲ್ಲಾವುದ್ದೀನ ಬಾಜೂಕ ನಿಂದ್ರತಾನ. ನಿನ್ನ ಕಡಿಂದ ಆಗಲಿಲ್ಲಂದ್ರ ಅಂವ ಕರೀತಾನ. ಈ ಸಲ ಯಾರದೂ ತಪ್ಪಬಾರ್ದು” ಎಂದಿದ್ದರು. ಆ ದಿನ ಇದು. ಕಚೇರಿಯ ಬಯಲಿಗೆ ಬಂದಾಗ ಬೇವಿನ ನೆರಳು ತುಂಬ ಜನ. ಆದರೆ ಮಾಳಮ್ಮ ಅಲ್ಲಿರಲಿಲ್ಲ. ವರಾಂಡದ ಮೆಟ್ಟಿಲ ಮೇಲೆಯೇ, ಬಾಗಿಲಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಚೇರಿ ತೆರೆಯುವ ಮುಂಚಿನಿಂದ ಕೂತಿದ್ದಾಳೆ ಎಂದು ಅಲ್ಲಾವುದ್ದೀನ ಹೇಳಿದ. ಎಲೆಯಡಿಕೆ ಅಗಿಯುತ್ತಿದ್ದವಳು ಭೀಮಶಾನನ್ನು ಕಂಡು ದವಡೆ ನಿಲ್ಲಿಸಿದಳು. ಅವನು ಹತ್ತಿರ ಹೋಗಿ ಕೈ ಮುಗಿದ. ಪಿಸುಮಾತಿನಲ್ಲಿ ಹೇಳಿದ, ಪಿಸುಮಾತಿಗೆ ಗಂಟಲು ಎಂದೂ ಅಡ್ಡ ಬರುತ್ತಿರಲಿಲ್ಲ: “ಅವ್ವಾ, ಇವತ್ತ ನಾ ಕರೀತೀನಿ. ನೀ ಅವತ್ತ ಕುಂತಲ್ಲೇ, ಗಿಡದ ಬುಡಕ್ಕ ಹೋಗಿ ಕುಂದ್ರು. ಅಲ್ಲೀತನ ಮುಟ್ಟಬೇಕು.” ಮಾಳಮ್ಮ ಅವನ ಕತ್ತಿನ ಪಟ್ಟಿ, ಸೊಂಟದ ಉಬ್ಬು ಎರಡನ್ನೂ ನೋಡಿದಳು.

“ನಿನ್ನ ಗಂಟಲ ಪರೀಕ್ಷಾಕ ನನ್ನ ಹೊಲ ಸಿಕ್ತೇನು?”

ಅವನ ಮುಖಕ್ಕೆ ರಕ್ತ ನುಗ್ಗಿತು. ಹೌದಲ್ಲ. ಗಾಡಿಯಲ್ಲಿ ಬರುವಾಗಿನಿಂದ ತಾನು ಮೆಟ್ಟಿಲ ಮೇಲೆ ನಿಂತದ್ದು, ದನಿ ಬಯಲು ದಾಟಿದ್ದು, ಜನ ತಿರುಗಿ ನೋಡಿದ್ದು, ಇಷ್ಟನ್ನೇ ಕಣ್ಣಿಗೆ ತಂದುಕೊಂಡಿದ್ದ. ಗಿಡದ ಕೆಳಗಿನಿಂದ ಎದ್ದು ಬರುವ ಹೆಂಗಸಿಗೆ ಮುಖವೇ ಇರಲಿಲ್ಲ. ಅವನು ಉಗುಳು ನುಂಗಿದ. ಡಬ್ಬಿ ಅದನ್ನೂ ಹಿಡಿದುಕೊಂಡಿರಬೇಕು. “ತಪ್ಪಾಯ್ತವ್ವಾ. ಇಲ್ಲೇ ಕುಂದ್ರು” ಎಂದ. ಅಷ್ಟರಲ್ಲಿ ಹಿಂದಿನಿಂದ ಹೆಗಲ ಮೇಲೆ ಒಂದು ಕೈ ಬಿತ್ತು. ಹಣಮಂತರಾಯ ಗೌಡರು. ಮುಪ್ಪು ಬಂದಿತ್ತು, ಕೈ ಹಗುರಾಗಿತ್ತು. “ಹೆಂಗ ಅದಿಯೋ ಭೀಮಶಾ? ಗಂಟಲಕ್ಕ ಹೈದರಾಬಾದಿಗೆ ಹೋಗಿದ್ಯಂತ. ಯಾಕ ತ್ರಾಸ ತಗೋತಿ, ಅಲ್ಲಾವುದ್ದೀನಗ ಬಿಡು” ಎಂದರು. ಮಾತಿನಲ್ಲಿ ಕರುಣೆ ಖರೆಯೇ ಇತ್ತು. ಭೀಮಶಾ ಬಾಯಿ ತೆರೆದ. “ಆರಾಮ ಅದರಿ ಗೌಡ್ರ. ಡಾಕ್ಟರ್ ಛಲೋ ಅದಾರ್ರಿ.” ಎಣ್ಣೆ ಹಚ್ಚಿದ ಹಾಗೆ ಹೊರಟಿತು ದನಿ, ಒಂದು ಕಡೆಯೂ ತಡೆಯಲಿಲ್ಲ. ಮೆಟ್ಟಿಲ ಮೇಲಿನ ಮಾಳಮ್ಮ ಪಕ್ಕಕ್ಕೆ ತಿರುಗಿ ಉಗುಳಿದಳು. ಗೌಡರು ಒಳಗೆ ಹೋದರು. ಹೆಗಲ ಮೇಲೆ ಕೈ ಇದ್ದ ಜಾಗ ಬಿಸಿಯಾಗಿಯೇ ಉಳಿಯಿತು. ಆ ಗಳಿಗೆಯಲ್ಲಿ ತಂತಿಯನ್ನು ಹಿಡಿದೆಳೆದು ಬಿಸಾಕಿ, ಕೊಡ ತೆಗೆದುಕೊಂಡು ಬಾವಿಗೆ ಹೋಗಿಬಿಡಬೇಕು ಅನ್ನಿಸಿತು. ಬೆರಳು ಪಟ್ಟಿಯವರೆಗೆ ಹೋಯಿತು ಕೂಡ. ಆದರೆ ಹೋದರೆ ಅಲ್ಲಾವುದ್ದೀನ ಕರೆಯುತ್ತಾನೆ, ಮಾಳಮ್ಮ ಒಳಗೆ ಹೋಗುತ್ತಾಳೆ, ಎಲ್ಲ ಸುಸೂತ್ರ. ತಾನು ಮಾತ್ರ ಗೌಡರಿಗೆ ಆರಾಮ ಅದರಿ ಎನ್ನುವ ಗಂಟಲನ್ನು ಹೊತ್ತು ಸಾಯುವವರೆಗೂ ತಿರುಗಬೇಕು. ಬೆರಳನ್ನು ಕೆಳಗಿಳಿಸಿದ.

ಒಳಗಿನಿಂದ ಗಂಟೆ ಕೇಳಿಸಿತು. ಮೊದಲ ಚೀಟಿಯೇ ಅವಳದು. ಅಲ್ಲಾವುದ್ದೀನ ಬಾಜೂಕ್ಕೆ ಬಂದು ನಿಂತು, “ಭಾಯಿ, ನಾ ಕರೀಲೇನು?” ಎಂದು ಕೈ ಚಾಚಿದ. ಭೀಮಶಾ ಬೇಡವೆಂದು ತಲೆಯಾಡಿಸಿ ಉಸಿರು ತುಂಬಿಕೊಂಡ. ಗಂಟಲಲ್ಲಿ ಬಾಗಿಲು ಮತ್ತೆ ಬಿತ್ತು, ಅದೇ ಅಗಳಿ. ಈ ಸಲ ಅದು ಬೀಳುವುದು ಅವನಿಗೆ ಗೊತ್ತಿತ್ತು. ಮೊದಲೇ ಕಾಯುತ್ತಿದ್ದವನಂತೆ ಅದರ ಮೇಲೆ ಹೆಗಲು ಕೊಟ್ಟ. “ಮಾ…” ಎಂದು ಹರಿದ ಬಟ್ಟೆಯಂಥ ದನಿಯೊಂದು ಹೊರಬಂತು, ನಿಂತಿತು. ಬಯಲಿನಲ್ಲಿ ಯಾರೋ ನಕ್ಕರು. ಮಾಳಮ್ಮ ಮೊಣಕಾಲ ಮೇಲೆ ಕೈಯೂರಿ ಎದ್ದಳು. ಅವಳು ಎದ್ದದ್ದನ್ನು ನೋಡಿ ಅಲ್ಲಾವುದ್ದೀನ “ಬಂದಾಳಲ್ಲ, ಆಯ್ತು, ಒಳಗ ನಡೀಯವ್ವಾ” ಎಂದ. ಅವಳು ಹೋಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಭೀಮಶಾನ ಎದುರಿಗೆ ನಿಂತಳು.

“ಪೂರಾ ಕರಿ.”

ಅಲ್ಲಾವುದ್ದೀನ ಗಲಿಬಿಲಿಗೊಂಡ. “ಅಲ್ಲವ್ವಾ, ಸಾಹೇಬ್ರು ಕಾಯಲಾಕತ್ತಾರ…”

“ಕಾಯಲಿ. ನಾ ಎರಡು ವರ್ಷ ಕಾದೀನಿ. ಅವತ್ತ ಆಡಿನ್ನ ಕರೆದ, ನನ್ನ ಕರೀಲಿಲ್ಲ. ಇವತ್ತ ನನ್ನ ಹೆಸರು, ನನ್ನ ಗಂಡನ ಹೆಸರು, ಊರು, ಪೂರಾ ಕರೀಲಿ. ಆಮ್ಯಾಗ ಹೋಗ್ತೀನಿ.”

ಬಯಲಿನ ನಗೆ ಕಡಿಮೆಯಾಯಿತು. ಜನ ಎದ್ದು ಮೆಟ್ಟಿಲ ಬಳಿಗೆ ಬರತೊಡಗಿದರು. ಭೀಮಶಾ ಅವಳ ಮುಖವನ್ನೇ ನೋಡಿದ. ಅಲ್ಲಿ ದಯೆ ಇರಲಿಲ್ಲ, ಕ್ಷಮೆ ಇರಲಿಲ್ಲ. ಬರಬೇಕಾದ್ದನ್ನು ವಸೂಲಿ ಮಾಡಲು ನಿಂತವಳ ಹಟ ಮಾತ್ರ ಇತ್ತು. ಅದೇ ಅವನಿಗೆ ಹಿಡಿದುಕೊಳ್ಳಲು ಸಿಕ್ಕಿತು. ಮತ್ತೆ ಉಸಿರೆಳೆದ. “ಮಾ… ಳ…” ಕುತ್ತಿಗೆಯ ನರ ಉಬ್ಬಿದವು, ಒಳಗೆ ಕೊಕ್ಕೆ ಎಳೆದಂತಾಯಿತು, ಕಣ್ಣಲ್ಲಿ ನೀರು ಕಟ್ಟಿತು. “…ಮ್ಮ.” ಯಾರೂ ನಗಲಿಲ್ಲ. “ಗಂ… ಡ…” ಎಂದು ತಡೆಯಿತು. ಒಳಗಿನಿಂದ ಗುಮಾಸ್ತರು ಇಣುಕಿದರು. ಅವರ ಹಿಂದೆ ಗೌಡರ ತಲೆಯ ಬಿಳೀ ಪಟಗ ಕಾಣಿಸಿತು. ಭೀಮಶಾನಿಗೆ ಅದು ಕಂಡಿತು. ಕಂಡಾಗ ಗಂಟಲು ಇನ್ನಷ್ಟು ಬಿಗಿಯಿತೋ, ಅಷ್ಟೇ ಇತ್ತೋ, ಅವನು ಆ ವಿಚಾರಕ್ಕೆ ಹೋಗಲಿಲ್ಲ. “ಅ… ಮೃ… ತಪ್ಪ.” ಒಂದೊಂದು ಅಕ್ಷರವನ್ನೂ ಹೊಳೆಯ ಕೆಸರಿನಿಂದ ಕಾಲು ಕಿತ್ತು ಇಟ್ಟಂತೆ ಇಟ್ಟ. “ಸಾ… ಕಿನ್… ಅಲ್ಲೂ… ರ.” ಕೊನೆಗೆ ಉಳಿದದ್ದು ಒಂದೇ ಮಾತು. ಅದು ಎಷ್ಟು ಹೊತ್ತಾದರೂ ಬರಲಿಲ್ಲ. ಮಾಳಮ್ಮ ನಿಂತೇ ಇದ್ದಳು. ಅವನ ಬಾಯಿ ನೋಡುತ್ತಾ ಅವಳ ತುಟಿಯೂ ಅಲುಗಿತೇನೋ. “ಹಾ… ಜರ್!” ಎಂದು ಹೊರಬಿತ್ತು. ಒಡಕು ದನಿ. ಬಯಲಿನ ಮೂಲೆಗೆ ಮುಟ್ಟುವಂಥದ್ದಲ್ಲ, ಮೆಟ್ಟಿಲ ಕೆಳಗಿನ ಜನಕ್ಕೆ ಕೇಳಿಸಿತು, ಅಷ್ಟೇ.

“ಹಾಂ” ಎಂದಳು ಮಾಳಮ್ಮ. ಬಾಯಲ್ಲಿದ್ದ ಎಲೆಯಡಿಕೆಯನ್ನು ಗೋಡೆಯಾಚೆ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ನಡೆದಳು.

ಬಾಗಿಲು ಅರ್ಧ ತೆರೆದಿತ್ತು. ಅವಳ ದನಿ ಹೊರಗೆ ಕೇಳಿಸುತ್ತಿತ್ತು: ಯಾವ ಬದು, ಯಾವ ಬನ್ನಿ ಗಿಡ, ಗಂಡ ಬಿತ್ತಿದ್ದು ಏನು, ಗಂಡ ಸತ್ತ ವರ್ಷ ತಾನು ಬಿತ್ತಿದ್ದು ಏನು, ರಾಶಿಯ ದಿನ ಗೌಡರ ಮನೆಯವರು ಬಂದು ಅಳೆದುಕೊಂಡು ಹೋದದ್ದು ಎಷ್ಟು. ಬಾಜೂ ಹೊಲದವರು ಹೌದು ಎಂದರು. ಗೌಡರು ಏನೋ ಸಣ್ಣ ದನಿಯಲ್ಲಿ ಹೇಳಿದರು, ಸಾಹೇಬರು ಮತ್ತೆ ಕೇಳಿದರು, ಗೌಡರು ಸುಮ್ಮನಾದರು. ಭೀಮಶಾ ಕಂಬಕ್ಕೆ ಒರಗಿ ನಿಂತು ಏದುಸಿರು ಬಿಡುತ್ತಿದ್ದ. ಅಲ್ಲಾವುದ್ದೀನ ನೀರು ತಂದುಕೊಟ್ಟ. ಕುಡಿದರೆ ಗಂಟಲು ಉರಿಯಿತು. ಡಾಕ್ಟರಮ್ಮನ ಕಾಗದದ ಮೇಲೆ ಈ ಹೊತ್ತು ಹೇಗೆ ಕಂಡೀತು ಎಂದು ಯೋಚಿಸಿದ. ಗೆರೆಗೆ ಗೆರೆ ತಾಗಿ ಕರ್ರಗಾಗಿರುತ್ತದೆ. ಇದಕ್ಕೆ ಮದ್ದು ಇನ್ನೂ ಯಾರ ಹತ್ತಿರವೂ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು. ಇರಲಿ. ಸುಳ್ಳಲ್ಲ ಎಂಬುದಾದರೂ ಅಲ್ಲಿ ಇರುತ್ತದೆ. ಯಾಕೆ ಎಂಬುದು ಇರುವುದಿಲ್ಲ. ಆ ಯಾಕೆಯನ್ನು ಇವತ್ತು ಬೆಳಿಗ್ಗೆಯಷ್ಟು ಆಸೆಯಿಂದ ಅವನು ಕೇಳುತ್ತಿರಲಿಲ್ಲ.

ಮಾಳಮ್ಮ ಹೊರಗೆ ಬಂದಾಗ ಮುಖದಲ್ಲಿ ನಗೆಯೇನೂ ಇರಲಿಲ್ಲ. ಬಯಲಿನವರು ಮುತ್ತಿಕೊಂಡು ಏನಾಯಿತು, ಏನಾಯಿತು ಎಂದು ಕೇಳಿದರು. “ಹೊಲ ನಂದೇ ಅಂತ ಬರಕೊಂಡ್ರು” ಎಂದಳು, ಜ್ವರ ಇಳಿಯಿತು ಎನ್ನುವವಳಂತೆ ದಣಿದ ದನಿಯಲ್ಲಿ. ಮೆಟ್ಟಿಲು ಇಳಿಯುತ್ತಾ ಭೀಮಶಾನ ಹತ್ತಿರ ನಿಂತಳು. ಕತ್ತಿನ ಪಟ್ಟಿಯ ಒಂದು ಮೂಲೆ ಎದ್ದಿತ್ತು, ಅದನ್ನು ದಿಟ್ಟಿಸಿದಳು. “ಭಾಳ ನೋಯ್ತದೇನು?” ಎಂದು ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. “ನೋಯಲಿ” ಎಂದಳು. ಬೈದದ್ದೋ, ಮತ್ತೇನೋ, ಅವನಿಗೆ ತಿಳಿಯಲಿಲ್ಲ. ಅವಳು ತನ್ನ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದು ಹೋದಳು, ತಿರುಗಿ ನೋಡಲಿಲ್ಲ.

ಗಂಟೆ ಮತ್ತೆ ಕೇಳಿಸಿತು. ಅಲ್ಲಾವುದ್ದೀನ ಚೀಟಿಗೆ ಕೈ ಹಾಕಿದ. “ಸಾಕು ಭಾಯಿ. ಆಕಿದು ಆಯ್ತಲ್ಲ. ಉಳಿದದ್ದು ನಾ ಕರೀತೀನಿ, ನೀ ಕುಂದ್ರು.” ಭೀಮಶಾ ಚೀಟಿ ಬಿಡಲಿಲ್ಲ. ಅದರಲ್ಲಿ ದಂಡೋತಿಯ ಯಾರೋ ದೇವಿಂದ್ರಪ್ಪನ ಹೆಸರಿತ್ತು. ಅವನು ಎಂದೂ ಕಂಡವನಲ್ಲ, ಋಣವಿಲ್ಲ, ಹಗೆಯಿಲ್ಲ. ಆದರೂ ಹೆಸರು ನೋಡಿದ ಕೂಡಲೇ ಗಂಟಲು ಬಿಗಿಯಿತು. ಹಾಗಾದರೆ ಎಲ್ಲರಿಗೂ ಬಿಗಿಯುತ್ತದೆ. ಆ ತಿಳಿವಿನಿಂದ ಅವನಿಗೆ ಸಮಾಧಾನವಾಯಿತೋ ದುಃಖವಾಯಿತೋ ಗೊತ್ತಾಗುವಷ್ಟು ಪುರಸತ್ತು ಇರಲಿಲ್ಲ. ಅವನು ಮೆಟ್ಟಿಲು ಇಳಿದ, ಬಿಸಿಲಿಗೆ ಬಂದ, ಬಯಲಿನ ನಟ್ಟನಡುವೆ ಹೋಗಿ ನಿಂತ. ದನಿ ಅಲ್ಲಿಯವರೆಗೆ ಬರದಿದ್ದರೆ ದನಿಯನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋಗುವುದು. ಉಸಿರು ತುಂಬಿಕೊಂಡು, “ದೇ… ವಿಂ…” ಎಂದು ಶುರು ಮಾಡಿದ. ಬೇವಿನ ಬುಡದಲ್ಲಿ ಕೂತ ಮುದುಕನೊಬ್ಬ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಹೆಸರು ಮುಗಿಯುವ ತನಕ ಅಲುಗಾಡದೆ ಕೇಳಿ, ಆಮೇಲೆ ಕೋಲು ಊರಿ ಎದ್ದ.

“ಬಂದೆನ್ರಿ.”